ಹುಡುಕಿದ್ದಕ್ಕೆ ಬಿಲ್ ಇಲ್ಲ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇದೆ. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟು, ಅವುಗಳ ಹಿಂದೆ ಬಿಲ್ಲುಗಳು. ಮೊನ್ನೆ ಇನ್ಶೂರೆನ್ಸ್ ರಿನ್ಯೂ ಮಾಡಲು ಕಾಗದ ಹುಡುಕುವಾಗ ಆ ಬಿಲ್ಲುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಒಂದೂವರೆ ವರ್ಷದಲ್ಲಿ ಎರಡು ಬ್ಯಾಟರಿ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಒಂದು ರಿಪೇರಿ: ಕಾರ್ಬನ್ ಬ್ರಷ್, ರೆಗ್ಯುಲೇಟರ್, ಬೇರಿಂಗ್. ಒಂದು ಬೆಲ್ಟ್. ಎರಡು ಕ್ಲಚ್ ಕೇಬಲ್. ಕೂಡಿಸಿದರೆ 12 ಸಾವಿರದ ಹತ್ತಿರ ಬಂತು. ಇಷ್ಟರಲ್ಲಿ ಒಂದೂ ನನ್ನ ಕಾರಿನ ನಿಜವಾದ ತೊಂದರೆ ಆಗಿರಲಿಲ್ಲ. ತೊಂದರೆಯನ್ನು ಹುಡುಕಿ ತೆಗೆದ ದಿನದ ಬಿಲ್ ಫೈಲಿನಲ್ಲಿ ಇಲ್ಲ. ಕಳೆದುಹೋದದ್ದಲ್ಲ, ಅದಕ್ಕೆ ಬಿಲ್ಲೇ ಆಗಿರಲಿಲ್ಲ. ಆವತ್ತಿನಿಂದ ಇದು ತಲೆಯಲ್ಲಿ ಕೂತಿದೆ.

ಕಾರು ಅಪ್ಪನದು. 1998ರ ಮಾರುತಿ 800, ಕಾರ್ಬ್ಯುರೇಟರ್ ಇಂಜಿನ್, ಕೆಎ 20 ನಂಬರು. ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. 15 ವರ್ಷ ದಾಟಿದ ಕಾರಿನ ರಿಜಿಸ್ಟ್ರೇಷನ್ ರಿನ್ಯೂ ಮಾಡುವ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿದಾಗ ಮನೆಯೊಳಗೂ ಆ ಪ್ರಶ್ನೆ ಎದ್ದಿತ್ತು. ಅಮ್ಮ "ಅದು ಇರಲಿ" ಎಂದರು. ಅಲ್ಲಿಗೆ ಮುಗಿಯಿತು.

ಕೂಳೂರು ಸೇತುವೆ

ಜೂನ್ ತಿಂಗಳು. ಮಂಗಳೂರಿನಲ್ಲಿ ಮದುವೆ ಮುಗಿಸಿ, ನೆಂಟರ ಮನೆಗೂ ಹೋಗಿ ಕಟಪಾಡಿಗೆ ಹೊರಟಾಗ ಕತ್ತಲೆಯಾಗಿತ್ತು. ಮಳೆ ಶುರುವಾಗಿ ಮೂರು ದಿನ ಆಗಿತ್ತಷ್ಟೆ. ನಮ್ಮ ಕಡೆ ಮೊದಲ ಮಳೆ ಹೇಗೆ ಅಂತ ನಿಮಗೆ ಗೊತ್ತು, ಬಾನೆಟ್ ಮೇಲೆ ಯಾರೋ ಗೋಣಿ ತುಂಬ ಜಲ್ಲಿ ಸುರಿದ ಹಾಗೆ. ಕೂಳೂರು ಸೇತುವೆಯ ಹತ್ತಿರ ವಾಹನಗಳು ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿದ್ದವು. ಹೆಡ್‌ಲೈಟ್ ಉರಿಯುತ್ತಿತ್ತು. ವೈಪರ್ ಓಡುತ್ತಿತ್ತು. ಗಾಜಿಗೆ ಹಬೆ ಹಿಡಿಯುವುದರಿಂದ ಬ್ಲೋವರ್ ಕೂಡ ಫುಲ್ ಇತ್ತು. ನಿಂತಲ್ಲಿ ಲೈಟು ಮಂಕಾಗುವುದು, ರೇಸ್ ಕೊಟ್ಟರೆ ಬೆಳಗುವುದು. ವೈಪರ್ ಅರ್ಧ ದಾರಿಯಲ್ಲಿ ಯೋಚನೆ ಮಾಡಿ ಮುಂದೆ ಹೋಗುತ್ತಿತ್ತು. ಹಳೆ ಕಾರಿಗೆ ಇದೆಲ್ಲ ಮಾಮೂಲು ಅಂದುಕೊಂಡೆ. ಮೀಟರಿನಲ್ಲಿ ಬ್ಯಾಟರಿಯ ಕೆಂಪು ದೀಪ ಉರಿಯದೇ ಇದ್ದದ್ದು ಧೈರ್ಯ ಕೊಟ್ಟಿತ್ತು.

ಎರಡು ಅಡಿ ಮುಂದೆ ಹೋಗಲು ಕ್ಲಚ್ ಬಿಟ್ಟೆ. ಆ ಕ್ಲಚ್ ಕೆಲವು ದಿನಗಳಿಂದ ಮತ್ತೆ ಗಟ್ಟಿಯಾಗಿತ್ತು, ಬಿಡುವಾಗ ಒಮ್ಮೆಲೇ ಎಗರುತ್ತಿತ್ತು. ಇಂಜಿನ್ ಆಫ್. ಕೀ ತಿರುಗಿಸಿದೆ. ಉಂ... ಉಂ... ಅಂತ ಎರಡು ಸಲ ನರಳಿತು. ಮೂರನೇ ಸಲ ಟಕ್ ಅಂತ ಒಂದು ಸದ್ದು, ಅಷ್ಟೆ. ಬ್ಯಾಟರಿ ಹಾಕಿ ಮೂರು ತಿಂಗಳಾಗಿತ್ತು.

ಹಿಂದೆ ಇದ್ದದ್ದು ಉಡುಪಿ ಕಡೆಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು. ಅದರ ಹಾರ್ನ್ ಬಗ್ಗೆ ಏನೂ ಬರೆಯುವುದಿಲ್ಲ. ಒಂದು ನಿಮಿಷ ಹೊಡೆದು ನೋಡಿದ ಮೇಲೆ ಕಂಡಕ್ಟರ್ ಕೆಳಗಿಳಿದು ಬಂದ. ಚಿಕ್ಕ ಪ್ರಾಯದ ಹುಡುಗ, ಪೂರ್ತಿ ಒದ್ದೆ. ಬಗ್ಗಿ ಕಿಟಕಿಯಲ್ಲಿ ನೋಡಿ, "ಎಂತ ಅಣ್ಣಾ, ಬ್ಯಾಟ್ರಿಯಾ? ಸೆಕೆಂಡ್‌ಗೆ ಹಾಕಿ. ನಾನು ಹೇಳುವಾಗ ಕ್ಲಚ್ ಬಿಡಿ" ಎಂದ. ಬಸ್ಸಿನಿಂದ ಇನ್ನಿಬ್ಬರು ಇಳಿದರು. ಮೂವರು ತಳ್ಳಿದರು. ಎಂಟು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮುಂದಿನ ಲಾರಿ ಸರಿದಿತ್ತು, ಪುಣ್ಯ. "ಬಿಡಿ!" ಎಂದ. ಕಾರು ಮುಗ್ಗರಿಸಿ ಸ್ಟಾರ್ಟ್ ಆಯಿತು. ಕನ್ನಡಿಯಲ್ಲಿ ನೋಡಿದರೆ ಅವನಾಗಲೇ ಫುಟ್‌ಬೋರ್ಡ್ ಮೇಲಿದ್ದ, ವಿಸಿಲ್ ಬಾಯಲ್ಲಿ. ನಮಗೆ ಸಹಾಯ ಮಾಡಿದ್ದೋ, ಅವನ ಟೈಮ್ ಉಳಿಸಿಕೊಂಡದ್ದೋ! ಎರಡೂ ಇರಬಹುದು. ಥ್ಯಾಂಕ್ಸ್ ಹೇಳಲಿಕ್ಕೆ ಆಗಲಿಲ್ಲ.

ಅಲ್ಲಿಂದ ಕಟಪಾಡಿ ತನಕ ಬ್ಲೋವರ್ ಬಂದ್ ಮಾಡಿ, ಕಿಟಕಿ ಇಳಿಸಿ, ಒದ್ದೆಯಾಗಿಕೊಂಡು ಬಂದೆವು. ಮೂಲ್ಕಿಯಲ್ಲಿ ಹೆಂಡತಿಗೆ ಮಾತ್ರೆ ತೆಗೆದುಕೊಳ್ಳಬೇಕಿತ್ತು. ಇಂಜಿನ್ ಆಫ್ ಮಾಡದೆ ಅವಳನ್ನು ಇಳಿಸಿ ನಾನು ರೇಸ್ ಕೊಡುತ್ತಾ ಕೂತೆ. ಹಿಂದಿನ ಸೀಟಿನಲ್ಲಿ ಅಮ್ಮ ಮುಡಿದ ಮಲ್ಲಿಗೆಯ ವಾಸನೆ ಮಳೆಗೆ ಇನ್ನೂ ಜಾಸ್ತಿಯಾಗಿತ್ತು. ಮನೆ ತಲುಪಿದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ಅಪ್ಪ ಇರುವಾಗ ಇದು ಒಂದು ದಿನ ಹೀಗೆ ಮಾಡ್ಲಿಲ್ಲ."

ಮೂರು ನಂಬರು

ನಾನು ಓದಿದ್ದು ಕಾಮರ್ಸ್. ಆದರೆ ಆ ಮಾತು ಕೇಳಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಮನೆಯಲ್ಲಿ ಒಂದು ಅಗ್ಗದ ಮಲ್ಟಿಮೀಟರ್ ಇತ್ತು. ಯಾರು ಕೇಳಿದರೂ ಹೇಳುವ ಮೂರು ನಂಬರುಗಳೂ ಗೊತ್ತಿದ್ದವು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಫುಲ್ ಇದ್ದರೆ 12.6 ವೋಲ್ಟ್ ತೋರಿಸಬೇಕು. ಅದು 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ ಅಂತ ಲೆಕ್ಕ. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ಕಡಿಮೆ ಇದ್ದರೆ ಚಾರ್ಜ್ ಆಗುತ್ತಿಲ್ಲ, 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ನೀರು ಕುದಿದು ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಎಲೆಕ್ಟ್ರಿಷಿಯನ್ ಆದ ಹಾಗೆ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಬ್ಯಾಟರಿಯಲ್ಲಿ 11.9 ಇತ್ತು. ಅಂದರೆ ಪೂರ್ತಿ ಖಾಲಿ. ಪಕ್ಕದ ಮನೆಯವರ ಚಾರ್ಜರ್ ತಂದು ರಾತ್ರಿಯಿಡೀ ಹಾಕಿದೆ. ಅದರ ಮರುದಿನ ಹತ್ತು ಗಂಟೆಗೆ ಅಂಗಳದಲ್ಲಿ ಬಾನೆಟ್ ತೆರೆದು ನಿಂತೆ. ಸೆಲ್ಫ್, ಅಂದರೆ ಇಂಜಿನ್ ಎಬ್ಬಿಸುವ ಮೋಟಾರು, ಸ್ವಲ್ಪ ನಿಧಾನ ಅನಿಸಿತು, ಆದರೆ ಸ್ಟಾರ್ಟ್ ಆಯಿತು. ಮೀಟರಿನ ಕೆಂಪು ಕಡ್ಡಿಯನ್ನು ಡೈನಮೋದ ದಪ್ಪ ವೈರಿನ ಬೋಲ್ಟಿಗೆ, ಕಪ್ಪು ಕಡ್ಡಿಯನ್ನು ಡೈನಮೋದ ಬಾಡಿಗೆ ಇಟ್ಟೆ. 14.2. ಮನಸ್ಸಿಗೆ ಹಬ್ಬ. ಡೈನಮೋ ಸರಿ ಉಂಟು. ಬ್ಯಾಟರಿ ಹೊಸತು. ಹಾಗಾದರೆ ಎಲ್ಲೋ ಕರೆಂಟ್ ಸೋರುತ್ತಿದೆ!

ಸೋರಿಕೆ ಹುಡುಕಲು ಒಂದು ಇಡೀ ಭಾನುವಾರ ಹೋಯಿತು. ಬ್ಯಾಟರಿಯ ನೆಗೆಟಿವ್ ಕಳಚಿ ಮಧ್ಯೆ ಮೀಟರ್ ಹಾಕಿದರೆ, ಕಾರು ಮಲಗಿರುವಾಗ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ತಿಳಿಯುತ್ತದೆ. ಒಮ್ಮೆ ಅದು ಮರೆತು ಕೀ ತಿರುಗಿಸಿ ಮೀಟರಿನ ಫ್ಯೂಸ್ ಸುಟ್ಟೆ. ನೀವು ಹಾಗೆ ಮಾಡಬೇಡಿ. ಹೊಸ ಫ್ಯೂಸ್ ಹಾಕಿ ನೋಡಿದರೆ 30 ಮಿಲಿಆಂಪ್. ಮ್ಯೂಸಿಕ್ ಸಿಸ್ಟಮ್‌ನ ಫ್ಯೂಸ್ ತೆಗೆದ ಕೂಡಲೇ ಅದೂ ಸೊನ್ನೆಗೆ ಹತ್ತಿರ ಬಂತು. ಕಳ್ಳ ಸಿಕ್ಕಿದ ಅಂತ ಖುಷಿಯಾಯಿತು. ಸ್ವಲ್ಪ ಹೊತ್ತಾದ ಮೇಲೆ ಲೆಕ್ಕ ಹಾಕಿದೆ. 30 ಮಿಲಿಆಂಪ್ ಅಂದರೆ ದಿನಕ್ಕೆ ಮುಕ್ಕಾಲು ಆಂಪ್-ಅವರ್ ಕೂಡ ಇಲ್ಲ. ನನ್ನದು 35 ಆಂಪ್-ಅವರ್ ಬ್ಯಾಟರಿ. ಅರ್ಧ ಖಾಲಿಯಾಗಬೇಕಾದರೂ ಕಾರು ಮೂರು ವಾರಕ್ಕಿಂತ ಜಾಸ್ತಿ ಅಲುಗಾಡದೆ ನಿಂತಿರಬೇಕು. ನಾನು ದಿನಾ ಓಡಿಸುತ್ತೇನೆ. ಕಳ್ಳನನ್ನು ಬಿಡಬೇಕಾಯಿತು.

ಕೊನೆಗೆ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ, ಅದನ್ನೂ ನೋಡಿದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ನನಗೇ ನಾಚಿಕೆಯಾದದ್ದು ಇದಕ್ಕೆ. ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್‌ಗೆ ಹೋಗುವ ಕಪ್ಪು ಕೇಬಲ್‌ನ ಎರಡು ತುದಿಗೆ ಮೀಟರ್ ಇಟ್ಟು ಬೀಪ್ ಮೋಡ್ ಹಾಕಿದೆ, ವೈರ್ ಕಡಿದಿರದಿದ್ದರೆ ಸದ್ದು ಮಾಡುವಂಥದ್ದು. ಬೀಪ್ ಅಂದಿತು. ಗಟ್ಟಿಯಾಗಿಯೇ ಅಂದಿತು. ಕೇಬಲ್ ಸರಿ ಇದೆ ಅಂತ ಬರೆದುಕೊಂಡೆ. ಹೌದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಟಿಕ್ ಮಾರ್ಕ್ ಸಮೇತ.

ಡೈನಮೋ ಅನ್ನುವ ಹೆಸರು

ಇಲ್ಲಿ ಒಂದು ಅಡ್ಡ ಮಾತು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಆಲ್ಟರ್ನೇಟರ್‌ಗೆ ಡೈನಮೋ ಅಂತಲೇ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತೇನೆ. ಆದರೆ ಎರಡೂ ಬೇರೆ. ಹಳೆ ಅಂಬಾಸಡರ್ ಕಾಲದ ಡೈನಮೋ ನೇರವಾಗಿ ಡಿಸಿ ಕೊಡುತ್ತಿತ್ತು. ಇಂಜಿನ್ ನಿಧಾನ ತಿರುಗುವಾಗ ಚಾರ್ಜ್ ಇಲ್ಲವೇ ಇಲ್ಲ ಅನ್ನುವಷ್ಟು. ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿಯದ ಹಾಗೆ ತಡೆಯಲು ಪಕ್ಕದಲ್ಲಿ ಒಂದು ಕಟೌಟ್ ಪೆಟ್ಟಿಗೆ. ಆಲ್ಟರ್ನೇಟರ್ ಒಳಗೆ ಹುಟ್ಟುವುದು ಮೂರು ಫೇಸಿನ ಎಸಿ. ಅದನ್ನು ಒಳಗಿನ ಡಯೋಡುಗಳು ಡಿಸಿ ಮಾಡಿ ಹೊರಗೆ ಬಿಡುತ್ತವೆ. ಸಿಲಿಕಾನ್ ಡಯೋಡ್ ಅಗ್ಗವಾಗುವ ತನಕ ಕಾರಿಗೆ ಇದು ಬರಲಿಲ್ಲ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ವ್ಯಾಲಿಯಂಟ್ ಕಾರಿಗೆ ಹಾಕಿದ ಮೇಲೆ ಉಳಿದವರೂ ಹಾಕಿದರು. ಹೆಸರು ಉಳಿದದ್ದರಿಂದ ತೊಂದರೆ ಏನೂ ಇಲ್ಲ. ಹೆಸರಿನ ಜೊತೆ ಒಂದು ಅಭ್ಯಾಸವೂ ಉಳಿದಿದೆ, ಅದು ತೊಂದರೆ.

ಮೊದಲ ಬ್ಯಾಟರಿ ಕೈಕೊಟ್ಟಾಗ ಹೋಗಿದ್ದ ಗ್ಯಾರೇಜಿನಲ್ಲಿ ಒಬ್ಬರು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತರು. ಇಂಜಿನ್ ಆಫ್ ಆಗಲಿಲ್ಲ. "ನೋಡಿ, ಡೈನಮೋ ಓಕೆ. ಬ್ಯಾಟ್ರಿ ಹಾಕಿ" ಎಂದರು. ಎಷ್ಟು ಸರಳ ಅಂತ ನಾನೂ ತಲೆದೂಗಿದ್ದೆ. ಡೈನಮೋ ಕಾಲದಲ್ಲಿ ಇದು ನಡೆಯುತ್ತಿತ್ತು. ಆಲ್ಟರ್ನೇಟರ್‌ಗೆ ಬ್ಯಾಟರಿ ಒಂದು ದಿಂಬಿನ ಹಾಗೆ. ಅದನ್ನು ಒಮ್ಮೆಲೇ ಎಳೆದರೆ ವೋಲ್ಟೇಜ್ ಕ್ಷಣದಲ್ಲಿ ಮೇಲಕ್ಕೆ ಹಾರುತ್ತದೆ. ಡಯೋಡ್, ರೆಗ್ಯುಲೇಟರ್ ಸುಡಬಹುದು. ಈಗಿನ ಕಾರಾದರೆ ಕಂಪ್ಯೂಟರೇ ಹೋಗಬಹುದು. ಕೆಲವು ವಾರಗಳ ನಂತರ ನನ್ನ ರೆಗ್ಯುಲೇಟರ್ ಹೋಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಸಾಧಿಸಲು ನನ್ನ ಹತ್ತಿರ ಏನೂ ಇಲ್ಲ. ಅನುಮಾನ ಮಾತ್ರ ಇದೆ. ಅಂದ ಹಾಗೆ, ಆ ಪರೀಕ್ಷೆಯಿಂದ ತಿಳಿಯುವುದಾದರೂ ಎಷ್ಟು? ಇಂಜಿನ್‌ಗೆ ಬೇಕಾದಷ್ಟು ಕರೆಂಟ್ ಬರುತ್ತದೆ ಅಂತ ಅಷ್ಟೇ ಅಲ್ವಾ? ಬ್ಯಾಟರಿಗೆ ತಲುಪುತ್ತದೆಯೋ ಇಲ್ಲವೋ ಅನ್ನುವುದು ಬೇರೆಯೇ ಪ್ರಶ್ನೆ.

ಬೋಟು ಕಟ್ಟಿದ ತಿಂಗಳು

ಜುಲೈಯಲ್ಲಿ ಆಫೀಸಿನ ಗೆಳೆಯರೊಬ್ಬರು ಮಲ್ಪೆ ಕಡೆಯ ಒಬ್ಬರ ಬಗ್ಗೆ ಹೇಳಿದರು. ಬೋಟುಗಳ ವಯರಿಂಗ್, ಬ್ಯಾಟರಿ, ಡೈನಮೋ ಕೆಲಸ ಮಾಡುವವರು. "ಈಗ ಹೋದರೆ ಸಿಗ್ತಾರೆ, ಬೋಟೆಲ್ಲ ಕಟ್ಟಿದೆ" ಎಂದರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆ ದಕ್ಕೆಯಲ್ಲಿ ಬೋಟುಗಳು ಟಾರ್ಪಾಲು ಹೊದ್ದು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಆ ಎರಡು ತಿಂಗಳು ಇವರಿಗೂ ಸ್ವಲ್ಪ ಬಿಡುವು.

ಶೆಡ್ ಅಂದರೆ ಶೀಟಿನ ಮಾಡು, ಮೂರು ಕಡೆ ಗೋಡೆ. ಒಳಗೆ ಸಾಲಾಗಿ ಬೋಟಿನ ದೊಡ್ಡ ಬ್ಯಾಟರಿಗಳು, ಗೋಡೆಯಲ್ಲಿ ಬಿಚ್ಚಿದ ಆರ್ಮೇಚರುಗಳು. ಅರುವತ್ತು ದಾಟಿದವರು, ಲುಂಗಿ, ಮೂಗಿನ ತುದಿಗೆ ಕನ್ನಡಕ. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ನಾನು ನೋಟ್‌ಬುಕ್ ತೆಗೆದು ಕಥೆ ಶುರು ಮಾಡಿದೆ: 12.6, 14.2, 30 ಮಿಲಿಆಂಪ್. ಅವರು ಅರ್ಧ ಕೇಳಿ, "ತೂಕ" ಎಂದರು. ತುಳುವಿನಲ್ಲಿ ಹಾಗಂದರೆ ನೋಡುವಾ ಅಂತ. ನನ್ನ ನೋಟ್‌ಬುಕ್ಕಿಗೆ ಅಲ್ಲಿ ಯಾವ ತೂಕವೂ ಇರಲಿಲ್ಲ.

ಮೊದಲು ಸೆಲ್ಫ್ ಹೊಡೆಯಲು ಹೇಳಿದರು. ಕಾರು ನರಳಿ ಸ್ಟಾರ್ಟ್ ಆಯಿತು. ಆಫ್ ಮಾಡಿ ಮತ್ತೆ ಹೊಡೆಯಲು ಹೇಳಿದರು. ಹೀಗೆ ನಾಲ್ಕೈದು ಸಲ. ಅವರು ಇಂಜಿನ್ನಿನ ಸದ್ದು ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ನೋಡಿದರೆ ಅವರ ಕೈ ಕ್ಲಚ್ ಕೇಬಲ್ ಮೇಲೆ ಇತ್ತು.

"ಈ ಕೇಬಲ್ ಯಾವಾಗ ಹಾಕಿದ್ದು?"

"ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ ಒಮ್ಮೆ ಹಾಕಿಸಿದ್ದೆ. ಬೇಗ ಬೇಗ ಟೈಟ್ ಆಗ್ತದೆ. ಯಾಕೆ?"

"ಮುಟ್ಟಿ ನೋಡಿ."

ಮುಟ್ಟಿದೆ. ಬೆಚ್ಚಗಿತ್ತು. ಇಂಜಿನ್ ಇನ್ನೂ ಬಿಸಿಯಾಗಿರಲಿಲ್ಲ, ಕೇಬಲ್ ಬೆಚ್ಚಗಿತ್ತು. ನನಗೆ ಅರ್ಥ ಆಗಲಿಲ್ಲ. ಅವರು ಏನೂ ವಿವರಿಸದೆ ಒಳಗೆ ಹೋಗಿ ಒಂದು ಬಲ್ಬ್ ತಂದರು. ಬ್ರೇಕ್‌ಲೈಟಿನ 21 ವಾಟ್ ಬಲ್ಬು, ಹೋಲ್ಡರಿಗೆ ಎರಡು ವೈರು, ತುದಿಯಲ್ಲಿ ಕ್ಲಿಪ್ಪು. ಒಂದು ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿದರು. ಇನ್ನೊಂದನ್ನು ಇಂಜಿನ್ನಿನ ಕಬ್ಬಿಣಕ್ಕೆ.

"ಇದೂ ಅರ್ಥ್, ಅದೂ ಅರ್ಥ್. ಬಲ್ಬ್ ಉರೀಬಹುದಾ?"

"ಇಲ್ಲ" ಎಂದೆ. ಎರಡು ಕಡೆಯೂ ನೆಗೆಟಿವ್ ಆದರೆ ಉರಿಯುವುದು ಹೇಗೆ?

"ಹೊಡೀರಿ ಸೆಲ್ಫ್."

ಹೊರಗೆ ಮಳೆ, ಶೆಡ್ಡಿನೊಳಗೆ ಮಬ್ಬು ಬೆಳಕು. ನಾನು ಕೂತಲ್ಲಿಗೆ ಕಾಣಬೇಕು ಅಂತ ಬಲ್ಬನ್ನು ಎತ್ತಿ ಹಿಡಿದಿದ್ದರು. ಕೀ ತಿರುಗಿಸಿದೆ. ಇಂಜಿನ್ ನರಳುವಷ್ಟು ಹೊತ್ತು ಬಲ್ಬಿನೊಳಗಿನ ತಂತಿ ಕೆಂಪಗಾಯಿತು. ಊದುಬತ್ತಿಯ ತುದಿಯಷ್ಟು. ಇಂಜಿನ್ ಸ್ಟಾರ್ಟ್ ಆದ ಕೂಡಲೇ ಆರಿತು. ಆ ಚುಕ್ಕೆ ಬೆಳಕನ್ನು ನಾನು ಮರೆಯುವುದಿಲ್ಲ. ಉರಿಯಬಾರದ ಕಡೆ ಉರಿದಿತ್ತು.

ನನ್ನ ಮೀಟರನ್ನು ಅದೇ ಎರಡು ಜಾಗಕ್ಕೆ ಇಟ್ಟು ಮತ್ತೆ ಹೊಡೆದೆವು. 2.8 ವೋಲ್ಟ್. ಅರ್ಧ ವೋಲ್ಟ್ ಕೂಡ ಜಾಸ್ತಿಯೇ ಅನ್ನುವ ಜಾಗದಲ್ಲಿ 2.8. ಸೆಲ್ಫ್ ಮೋಟಾರಿಗೆ ಸಿಗಬೇಕಾದದ್ದರಲ್ಲಿ ಅಷ್ಟು ಭಾಗ ಆ ಕಪ್ಪು ಕೇಬಲ್ ದಾಟುವಾಗಲೇ ಮುಗಿಯುತ್ತಿತ್ತು. ಅವರು ಒಂದು ಜಂಪ್ ಕೇಬಲ್ ತೆಗೆದು ನೆಗೆಟಿವ್‌ನಿಂದ ನೇರ ಇಂಜಿನ್‌ಗೆ ಕಚ್ಚಿಸಿದರು. "ಈಗ ಹೊಡೀರಿ." ಕೀ ಮುಟ್ಟಿದ್ದೇ ತಡ, ಇಂಜಿನ್ ಎದ್ದು ಕೂತಿತು. ಅಪ್ಪ ಇರುವಾಗಿನ ಸದ್ದು. ಜಂಪ್ ಕೇಬಲ್ ತೆಗೆದು ಹೊಡೆದರೆ ಮತ್ತೆ ನರಳಾಟ. ನಾನು ಮೂರು ಸಲ ಹಾಕಿ ತೆಗೆದು ನೋಡಿದೆ, ಮಕ್ಕಳು ಲೈಟಿನ ಸ್ವಿಚ್ಚು ಆಡಿಸುವ ಹಾಗೆ.

ಚಾರ್ಜಿಂಗ್ ಕೂಡ ನೋಡುವಾ ಎಂದರು. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿ ರೇಸ್ ಹಿಡಿಯಲು ಹೇಳಿದರು. ಕೂಳೂರಿನ ರಾತ್ರಿಯನ್ನು ಶೆಡ್ಡಿಗೆ ತಂದ ಹಾಗೆ. ನನ್ನ ಪರೀಕ್ಷೆ ನಡೆದದ್ದು ಹಗಲಿನಲ್ಲಿ, ಏನೂ ಲೋಡ್ ಇಲ್ಲದೆ. ಕಾರು ಕೈಕೊಡುತ್ತಿದ್ದದ್ದು ಎಲ್ಲ ಲೋಡ್ ಇರುವಾಗ. ಡೈನಮೋದಲ್ಲಿ ಈಗಲೂ 14.2. ಆದರೆ ಬ್ಯಾಟರಿಯ ಎರಡು ಟರ್ಮಿನಲ್ ಮಧ್ಯೆ 13.1 ಮಾತ್ರ. ಉಳಿದ 1.1 ಎಲ್ಲಿ ಹೋಯಿತು ಅಂತ ಹುಡುಕಿದರೆ, ಪಾಸಿಟಿವ್ ವೈರಿನಲ್ಲಿ 0.2, ಅರ್ಥ್ ದಾರಿಯಲ್ಲಿ 0.9. ರೆಗ್ಯುಲೇಟರ್ ಇರುವುದು ಡೈನಮೋದ ಒಳಗೆ. ಅದು ತನ್ನ ಮನೆಯಂಗಳದಲ್ಲಿ 14.2 ನೋಡಿ ಎಲ್ಲ ಸರಿಯಿದೆ ಅಂತ ಸುಮ್ಮನಿರುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪವೂ ಅದು ಹೇಳಿದ್ದನ್ನೇ ಕೇಳುವುದು. ನಾನು ಅಂಗಳದಲ್ಲಿ ಕಡ್ಡಿ ಇಟ್ಟದ್ದೂ ಅಲ್ಲೇ. ನಂಬರು ಸುಳ್ಳಲ್ಲ. ಬ್ಯಾಟರಿಯ ಗತಿ ತಿಳಿಯಲು ಬ್ಯಾಟರಿಯ ಮೇಲೆ ಕಡ್ಡಿ ಇಡಬೇಕಿತ್ತು, ಅಷ್ಟೆ.

ಕರೆಂಟ್‌ಗೆ ಹೋಗುವ ದಾರಿ ಎಷ್ಟು ಮುಖ್ಯವೋ ವಾಪಸ್ ಬರುವ ದಾರಿಯೂ ಅಷ್ಟೇ ಮುಖ್ಯ. ಕಪ್ಪು ಕೇಬಲ್‌ನಲ್ಲಿ ಜಾಗ ಸಾಲದಿದ್ದರೆ ಅದು ಸಿಕ್ಕಿದ ಕಬ್ಬಿಣ ಹಿಡಿದು ಬರುತ್ತದೆ. ನನ್ನ ಕಾರಿನಲ್ಲಿ ಇಂಜಿನ್ನಿಗೂ ಬಾಡಿಗೂ ಮಧ್ಯೆ ಇದ್ದ ಇನ್ನೊಂದು ಲೋಹದ ದಾರಿ ಕ್ಲಚ್ ಕೇಬಲ್. ಪ್ರತಿ ಸಲ ಸೆಲ್ಫ್ ಹೊಡೆಯುವಾಗಲೂ ಸ್ವಲ್ಪ ಕರೆಂಟ್ ಅದರಲ್ಲಿ ಹರಿದು, ಬಿಸಿಯಾಗಿ, ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿಕೊಳ್ಳುತ್ತಿತ್ತು. ಬದಲಾಯಿಸಿದ ಎರಡು ಕೇಬಲ್‌ಗಳ ಒಳಗನ್ನು ಯಾರೂ ನೋಡಿರಲಿಲ್ಲ. ಕ್ಲಚ್ ಟೈಟ್ ಆದರೆ ಮೆಕ್ಯಾನಿಕ್ ಹತ್ತಿರ ಹೋಗುತ್ತೇವೆ, ಬ್ಯಾಟರಿ ಡೌನ್ ಆದರೆ ಎಲೆಕ್ಟ್ರಿಷಿಯನ್ ಹತ್ತಿರ. ಎರಡೂ ಬಿಲ್ಲು ಒಂದೇ ಫೈಲಿನಲ್ಲಿ ಅಕ್ಕಪಕ್ಕ ಇದ್ದರೂ ಓದುವವರು ಯಾರೂ ಇರಲಿಲ್ಲ.

ಕಪ್ಪು ಕೇಬಲ್ ಬಿಚ್ಚಿ ಕೈಗೆ ಕೊಟ್ಟರು. ಹೊರಗಿನಿಂದ ಏನೂ ಆಗಿರಲಿಲ್ಲ. ಅವರು ಬ್ಲೇಡಿನಿಂದ ತುದಿಯ ರಬ್ಬರ್ ಸೀಳಿದರು. ಒಳಗೆ ತಾಮ್ರ ಕಾಣಲಿಲ್ಲ. ಹಸಿರು ಪುಡಿ, ಕಪ್ಪು ಪುಡಿ, ಮಧ್ಯೆ ಬೆರಳೆಣಿಕೆಯಷ್ಟು ಎಳೆ. ಮುಟ್ಟಿದರೆ ಪೆನ್ಸಿಲ್ ಕಡ್ಡಿಯ ಹಾಗೆ ಮುರಿಯುತ್ತಿತ್ತು. ಇಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಮಳೆಯಿಲ್ಲದ ದಿನ ಉಪ್ಪು ಗಾಳಿ. ಅದಕ್ಕೆ ಬ್ಯಾಟರಿಯ ಆಸಿಡ್ ಆವಿಯೂ ಸೇರಿದರೆ ನೀರು ಎಳೆಗಳ ಸಂದಿನಲ್ಲಿ ಏರುತ್ತಾ ಹೋಗುತ್ತದೆ. "ಬೋಟಿನಲ್ಲಿ ದಿನಾ ಇದೇ" ಎಂದರು.

ನನಗೆ ಬೀಪ್ ನೆನಪಾಯಿತು. ಇಷ್ಟು ಹಾಳಾದದ್ದು ಬೀಪ್ ಅಂದದ್ದು ಹೇಗೆ? ಅವರು ಹೇಳಿದ ಉತ್ತರವನ್ನು ಇಷ್ಟು ವರ್ಷದಲ್ಲಿ ಯಾವ ಯೂಟ್ಯೂಬಿನವರೂ ನನಗೆ ಹೇಳಿಲ್ಲ. "ತೋಡಿಗೆ ಅಡಿಕೆ ಮರದ ಸಂಕ ಹಾಕಿದ್ದಾರೆ ಅಂತ ಇಟ್ಟುಕೊಳ್ಳಿ. ನೀವು ನಡೆದು ಹೋಗ್ತೀರಿ, ಸಂಕ ಸರಿ ಉಂಟು ಅಂತೀರಿ. ಲಾರಿ ಬಿಟ್ಟು ನೋಡಿ." ಮೀಟರ್ ಬೀಪ್ ಮಾಡಲು ಬಿಡುವುದು ಮಿಲಿಆಂಪ್ ಲೆಕ್ಕದ ಕರೆಂಟ್. ಅದಕ್ಕೆ ಒಂದು ಎಳೆ ಸಾಕು. ಸೆಲ್ಫ್ ಮೋಟಾರಿಗೆ ಬೇಕಾದದ್ದು ಅರುವತ್ತು, ಎಪ್ಪತ್ತು, ನೂರು ಆಂಪ್. ದಪ್ಪ ಕೇಬಲ್‌ನ ತಾಕತ್ತು ತಿಳಿಯಬೇಕಾದರೆ ಅದರ ಮೇಲೆ ಲಾರಿಯನ್ನೇ ಬಿಡಬೇಕು.

ಎಂತ ಹಾಕಿದ್ರು?

ವೆಲ್ಡಿಂಗ್ ಕೇಬಲ್‌ನ ಒಂದು ತುಂಡು, ಅದರ ತುದಿಗಳನ್ನು ಬೋಲ್ಟಿಗೆ ಸಿಕ್ಕಿಸಲು ಎರಡು ಲಗ್. ಇಂಜಿನ್ ಕಡೆ ಬೋಲ್ಟಿನ ಜಾಗವನ್ನು ಕಬ್ಬಿಣ ಹೊಳೆಯುವ ತನಕ ಎಮರಿ ಕಾಗದದಲ್ಲಿ ಉಜ್ಜಿದರು. ಬಿಗಿದ ಮೇಲೆ ವ್ಯಾಸಲಿನ್ ಬಳಿದರು. ಮತ್ತೆ ಬಲ್ಬ್ ಹಾಕಿ ಸೆಲ್ಫ್ ಹೊಡೆದೆವು. ಕಪ್ಪಗೇ ಇತ್ತು. ಲೋಡ್ ಹಾಕಿ ಬ್ಯಾಟರಿಯಲ್ಲಿ ನೋಡಿದರೆ 13.9. ಒಟ್ಟು ಎರಡು ಗಂಟೆ ಆಗಿತ್ತು. ಹಾಕುವುದಕ್ಕೆ ಇಪ್ಪತ್ತು ನಿಮಿಷ, ಉಳಿದದ್ದೆಲ್ಲ ಹುಡುಕಿದ್ದು.

ಎಷ್ಟಾಯಿತು ಅಂತ ಕೇಳಿದೆ. ಕೇಬಲ್, ಲಗ್ ಸೇರಿ 250 ಎಂದರು.

"ನೋಡಿದ್ದಕ್ಕೆ?"

"ನೋಡಿದ್ದಕ್ಕೆ ಎಂತ ತಗೊಳ್ಳುದು ಮಾರಾಯ್ರೆ?"

500 ಕೊಟ್ಟೆ. 250 ವಾಪಸ್ ಕೊಟ್ಟರು. ಒತ್ತಾಯ ಮಾಡಿದ್ದಕ್ಕೆ, "ಈಗ ಬೋಟಿಲ್ಲ, ಹಾಗಾಗಿ ಕೂತೆ. ಎಲ್ಲ ದಿನ ಹೀಗೆ ಕೂರ್ಲಿಕ್ಕೆ ಆಗುದಿಲ್ಲ" ಎಂದರು. ಆಗ ಆ ಮಾತನ್ನು ವಿನಯ ಅಂದುಕೊಂಡೆ.

ಮನೆಗೆ ಬಂದರೆ ಅಮ್ಮನ ಪ್ರಶ್ನೆ: "ಎಂತ ಹಾಕಿದ್ರು?" ಒಂದು ವೈರ್ ಎಂದೆ. "ಅಷ್ಟೆಯಾ?" ಎಂದರು. ಅವರಿಗೆ ಸಮಾಧಾನ ಆಗಲಿಲ್ಲ. ಎರಡು ಗಂಟೆ ಕೂತು 250 ರೂಪಾಯಿಯ ವೈರ್ ಹಾಕಿಸಿಕೊಂಡು ಬಂದವನು ಮೋಸ ಹೋಗಿದ್ದಾನೆ ಅಂತಲೋ, ಕೆಲಸ ಪೂರ್ತಿ ಆಗಿಲ್ಲ ಅಂತಲೋ. ನಗಲು ಹೊರಟವನಿಗೆ ನಾನೂ ಹಿಂದೆ ಪ್ರತಿಯೊಂದು ಅಂಗಡಿಯಲ್ಲೂ ಇದೇ ಪ್ರಶ್ನೆ ಕೇಳಿದ್ದು ನೆನಪಾಯಿತು. ಏನು ತೊಂದರೆ ಇತ್ತು ಅಂತ ಕೇಳಿದವನಲ್ಲ, ಏನು ಹಾಕಿದಿರಿ ಅಂತ ಕೇಳಿದವನು. ಹಳೆ ಪಾರ್ಟ್ ಕೈಗೆ ಕೊಡಿ ಅಂತ ಬೇರೆ ಹೇಳುತ್ತಿದ್ದೆ, ದೊಡ್ಡ ಜಾಣನ ಹಾಗೆ. ಒಬ್ಬರು ಎರಡು ಗಂಟೆ ಹುಡುಕಿ, ಏನೂ ಹಾಕದೆ ಒಂದು ಬೋಲ್ಟ್ ಉಜ್ಜಿ ಬಿಗಿದು 800 ರೂಪಾಯಿ ಕೇಳಿದ್ದರೆ ನಾನು ಕೊಡುತ್ತಿದ್ದೆನಾ? ಜಗಳ ಮಾಡುತ್ತಿದ್ದೆ. ಹೊರಗೆ ಬಂದು ನಾಲ್ಕು ಜನರ ಹತ್ತಿರ ಹೇಳುತ್ತಿದ್ದೆ. ಅದೇ 3,800ರ ಬ್ಯಾಟರಿಗೆ ಮಾತಿಲ್ಲದೆ ಗೂಗಲ್ ಪೇ ಮಾಡಿದ್ದೇನೆ. ಬ್ಯಾಟರಿಯನ್ನು ಎರಡು ಕೈಯಲ್ಲಿ ಎತ್ತಬಹುದು, ವಾರಂಟಿ ಕಾರ್ಡಿನ ಮೇಲೆ ಸೀಲ್ ಇರುತ್ತದೆ.

ಆ ಅಂಗಡಿಯವರು ಯಾರೂ ಮೋಸ ಮಾಡಿರಲಿಲ್ಲ ಅಂತಲೇ ನನಗೆ ಈಗ ಅನಿಸುವುದು. ಬ್ಯಾಟರಿ ನಿಜವಾಗಿಯೂ ಸತ್ತಿತ್ತು. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಎಂತಹ ಬ್ಯಾಟರಿಯೂ ಸಾಯುತ್ತದೆ. ಕಾರ್ಬನ್ ಬ್ರಷ್ ಸವೆದದ್ದೂ ನಿಜ, ನಾನೇ ನೋಡಿದ್ದೆ. ಒಬ್ಬರು ವಾರಂಟಿಗೆ ಹೋದಾಗ ಬ್ಯಾಟರಿ ಚಾರ್ಜ್ ಮಾಡಿ ಕೊಟ್ಟು, "ನಿಮ್ಮ ಗಾಡಿ ಚಾರ್ಜ್ ಮಾಡುದಿಲ್ಲ, ಅದನ್ನು ನೋಡಿಸಿ" ಅಂತ ಸರಿಯಾಗಿಯೇ ಹೇಳಿದ್ದರು. ಅದನ್ನು ಕೇಳಿ ನಾನು ಹೋದದ್ದು ಡೈನಮೋ ರಿಪೇರಿಯವರ ಹತ್ತಿರ. ಅವರು ಡೈನಮೋ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಮೇಜಿನ ಮೇಲೆ ಕಪ್ಪು ಕೇಬಲ್ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದೆ ಇದ್ದದ್ದನ್ನು ಸರಿ ಮಾಡಿದ್ದಾರೆ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಯಾರ ಅಂಗಡಿಗೂ ಸೇರಿರಲಿಲ್ಲ.

ಆ ಸೀಳಿದ ಕೇಬಲ್ ತುಂಡು ನನ್ನ ಮೇಜಿನ ಮೇಲಿದೆ. ಹಸಿರು ಪುಡಿ ಉದುರುತ್ತದೆ ಅಂತ ಹೆಂಡತಿ ಎರಡು ಸಲ ಬಿಸಾಡಲು ನೋಡಿದ್ದಾಳೆ.

ಅಕ್ಟೋಬರಿನಲ್ಲಿ ಗೆಳೆಯನ ಓಮ್ನಿಗೆ ಇದೇ ಕಾಯಿಲೆ ಬಂತು. ಸೆಲ್ಫ್ ನಿಧಾನ, ಬೆಳಿಗ್ಗೆ ಬ್ಯಾಟರಿ ಡೌನ್. ನನಗೆ ಎಲ್ಲಿಲ್ಲದ ಹುರುಪು. ಏನೂ ಹಾಕಿಸಬೇಡ, ನಾನು ಕರೆದುಕೊಂಡು ಹೋಗುತ್ತೇನೆ ಅಂತ ಅವನನ್ನು ಮಲ್ಪೆಗೆ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಸಂಕ, ಲಾರಿ, ಊದುಬತ್ತಿ ಎಲ್ಲ ಹೇಳಿದೆ. ಶೆಡ್ಡಿನ ಎದುರು ಎರಡು ಟೆಂಪೋ ನಿಂತಿದ್ದವು, ಬೋಟಿನ ಹುಡುಗರು ಬ್ಯಾಟರಿ ಇಳಿಸುತ್ತಿದ್ದರು, ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವರು ನನ್ನನ್ನು ನೋಡಿ ಗುರುತು ಹಿಡಿದು ನಕ್ಕರು. ಬಾನೆಟ್ ಮಾತ್ರ ತೆರೆಯಲಿಲ್ಲ. ಓಮ್ನಿಯಲ್ಲಿ ಬಾನೆಟ್ ಎಲ್ಲಿದೆ, ಸೀಟು ಎತ್ತಬೇಕು, ಅದನ್ನೂ ಎತ್ತಲಿಲ್ಲ.

"ಬ್ಯಾಟ್ರಿ ಎಷ್ಟು ವರ್ಷ ಆಯ್ತು?"

"ಐದು" ಎಂದ ಗೆಳೆಯ.

"ಬದಲಾಯಿಸಿ. ಆಗದಿದ್ರೆ ಜೂನಿನಲ್ಲಿ ಬನ್ನಿ, ಕೂತು ನೋಡುವಾ."

ಗೆಳೆಯ ನನ್ನ ಮುಖ ನೋಡಿದ. ನಾನು ಅವರ ಹತ್ತಿರ ಆ ಬಲ್ಬನ್ನು ಹತ್ತು ನಿಮಿಷಕ್ಕೆ ಕೇಳಿ ತೆಗೆದುಕೊಂಡೆ. ರಸ್ತೆ ಬದಿಯಲ್ಲಿ ಓಮ್ನಿಯ ಸೀಟು ಎತ್ತಿ, ಒಂದು ಕ್ಲಿಪ್ಪು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್‌ಗೆ ಕಚ್ಚಿಸಿದೆ. ಬಿಸಿಲು ಜಾಸ್ತಿ ಇತ್ತು, ಕೈ ಅಡ್ಡ ಹಿಡಿದು ನೋಡಿದೆ. ಸೆಲ್ಫ್ ಹೊಡಿ ಎಂದೆ. ಹೊಡೆದ. ಇನ್ನೊಮ್ಮೆ ಹೊಡಿ ಎಂದೆ.

ಬಲ್ಬ್ ಉರಿಯಲಿಲ್ಲ. ಬ್ಯಾಟರಿಯೇ ಹೋಗಿತ್ತು.